ಹಾಲ್‌ನಲ್ಲೊಂದು ಕೋಣೆ

ಹದಿನಾಲ್ಕು ವರ್ಷ ನಾನು ಬೇರೆಯವರ ಮನೆಗಳನ್ನು ಅಳೆಯುವ ಕೆಲಸ ಮಾಡಿದೆ. ದುಬೈ ಬಿಟ್ಟು ಊರಿಗೋ ಇನ್ನೊಂದು ದೇಶಕ್ಕೋ ಹೋಗುವವರ ಸಾಮಾನು ಕಟ್ಟಿ ಹಡಗಿಗೆ ಹಾಕುವ ಕಂಪನಿ ನಮ್ಮದು. ಕಟ್ಟುವವರು ಹೋಗುವ ಮೊದಲು ನಾನು ಹೋಗಬೇಕು. ಕೋಣೆ ಕೋಣೆ ಸುತ್ತಿ, ಮಂಚ ಎಷ್ಟು, ಕಪಾಟು ಎಷ್ಟು, ಪುಸ್ತಕ ಎಷ್ಟು ಎಂದು ನೋಡಿ, ಇಷ್ಟು ಪೆಟ್ಟಿಗೆ ಬೇಕು, ಇಷ್ಟು ಜಾಗ ಹಿಡಿಯುತ್ತದೆ ಎಂದು ಬರೆದುಕೊಡಬೇಕು. ಮಿರ್ದಿಫ್‌ನ ವಿಲ್ಲಾಗಳಿಂದ ಹಿಡಿದು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಗೋಪುರದಂಥ ಕಟ್ಟಡಗಳವರೆಗೆ ಎಷ್ಟು ಮನೆ ನೋಡಿದೆನೋ ನನಗೇ ನೆನಪಿಲ್ಲ. ಯಾವ ಮನೆಯ ಬಾಗಿಲಲ್ಲಿ ನಿಂತರೂ ಒಳಗಿನದೆಲ್ಲ ನನ್ನ ಕಣ್ಣಿಗೆ ರಟ್ಟಿನ ಪೆಟ್ಟಿಗೆಗಳಾಗಿಯೇ ಕಾಣುತ್ತಿತ್ತು.

ಅದಕ್ಕೋ ಏನೋ, ನನ್ನ ಸ್ವಂತ ಮನೆಯಲ್ಲಿ ಹೆಚ್ಚಿನದೆಲ್ಲ ಪೆಟ್ಟಿಗೆಯೊಳಗೇ ಇತ್ತು. ಮದುವೆಯಲ್ಲಿ ಬಂದ ಡಿನ್ನರ್ ಸೆಟ್ಟು, ಹೆಂಡತಿಯ ತವರಿನವರು ಕೊಟ್ಟ ರೇಷ್ಮೆ ಸೀರೆಗಳು, ಗೋಡೆಗೆ ಹಾಕಬೇಕಾದ ಗಡಿಯಾರ ಕೂಡ. ಟಿವಿ ಬಂದ ಪೆಟ್ಟಿಗೆ, ಮಿಕ್ಸಿ ಬಂದ ಪೆಟ್ಟಿಗೆ ಎರಡೂ ಕಪಾಟಿನ ಮೇಲೆ ಖಾಲಿ ಕೂತಿದ್ದವು. ಹೇಗೂ ಒಂದು ದಿನ ಊರಿಗೆ ಹೋಗುವವರು, ಆಗ ಬೇಕಾಗುತ್ತದೆ ಎಂದು. ಇಲ್ಲಿರುವ ನಮ್ಮೂರಿನವರ ಬಹಳಷ್ಟು ಮನೆಗಳಲ್ಲಿ ಹೀಗೆಯೇ. ಗೋಡೆಗೆ ಒಂದು ಮೊಳೆ ಹೊಡೆದವನಲ್ಲ ನಾನು. "ಬಿಡುವಾಗ ಓನರ್ ತಕರಾರು ಮಾಡ್ತಾನೆ" ಎನ್ನುತ್ತಿದ್ದೆ. ಹೆಂಡತಿ ಮೊದಮೊದಲು ಒಂದು ಪರದೆಯಾದರೂ ಹಾಕೋಣ, ಒಂದು ಚಿತ್ರವಾದರೂ ತೂಗಿಸೋಣ ಎನ್ನುತ್ತಿದ್ದಳು. ಆಮೇಲೆ ಕೇಳುವುದನ್ನೇ ಬಿಟ್ಟಳು.

ಎರಡು ವರ್ಷದ ಹಿಂದೆ ಕಂಪನಿ ಹೊಸ ಕ್ರಮವೊಂದನ್ನು ತಂದಿತು. ಗಿರಾಕಿಯೇ ಫೋನ್ ಹಿಡಿದು ಮನೆಯೆಲ್ಲ ಸುತ್ತಿ ತೋರಿಸುತ್ತಾರೆ, ಆಫೀಸಿನಲ್ಲಿ ಕೂತವರು ಪರದೆಯ ಮೇಲೆ ನೋಡಿ ಅಂದಾಜು ಹೇಳುತ್ತಾರೆ. ಮನೆ ಮನೆಗೆ ಹೋಗುವವರು ಐದು ಜನ ಇದ್ದೆವು. ಒಬ್ಬನನ್ನು ಉಳಿಸಿಕೊಂಡು ನಾಲ್ವರಿಗೆ ಕೆಲಸದಿಂದ ತೆಗೆದ ಪತ್ರ ಕೊಟ್ಟರು. ಆ ನಾಲ್ವರಲ್ಲಿ ನಾನೂ ಒಬ್ಬ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಕೆಲಸ ಹುಡುಕುವುದೆಂದರೆ ಏನು ಎಂಬುದು ಒಂದೇ ತಿಂಗಳಲ್ಲಿ ಗೊತ್ತಾಯಿತು. ಕಳಿಸಿದ ಅರ್ಜಿಗಳಿಗೆ 'ಇಲ್ಲ' ಎಂಬ ಉತ್ತರವೂ ಬರಲಿಲ್ಲ. ಇಲ್ಲಿ ಕೆಲಸ ಹೋದರೆ ವೀಸಾವೂ ಹೋಗುತ್ತದೆ; ಅದರ ದಿನಗಳು ಮುಗಿಯುತ್ತಾ ಬಂದವು.

ನನ್ನ ಹೆಂಡತಿ ದುಬೈನ ದೇರಾ ಭಾಗದ ಒಂದು ಆಸ್ಪತ್ರೆಯಲ್ಲಿ ನರ್ಸ್. ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ ಅವಳೇ ಹೇಳಿದಳು: "ಎಂತ ಯೋಚನೆ ಮಾಡುದು ಮಾರಾಯ್ರೆ? ನಿಮ್ಮನ್ನು ನನ್ನ ವೀಸಾದಲ್ಲಿ ಹಾಕುವ. ಕೆಲಸ ಸಿಕ್ಕಿದಾಗ ತೆಗೆದ್ರಾಯ್ತು."

ಅರ್ಜಿ ತುಂಬಿಸುವ ಟೈಪಿಂಗ್ ಸೆಂಟರಿಗೆ ಇಬ್ಬರೂ ಹೋದೆವು. ಟೈಪ್ ಮಾಡುವವನು ತಲೆ ಎತ್ತದೆ ಹಿಂದಿಯಲ್ಲಿ ಕೇಳಿದ, "ವೀಸಾ ಕೊಡುವ ಸ್ಪಾನ್ಸರ್ ಯಾರು, ಸಾರ್ ಅಲ್ವಾ?" "ಅಲ್ಲ, ನಾನು" ಎಂದಳು ಹೆಂಡತಿ. ಆಗ ಅವನು ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದ. ಅಷ್ಟೇ. ಮತ್ತೆ ಟೈಪ್ ಮಾಡಲು ಶುರುಮಾಡಿದ. ಅವನ ನೋಟದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ನಿಂತಾಗ ನಾನು ಹೆಂಡತಿಯಿಂದ ಎರಡು ಹೆಜ್ಜೆ ದೂರ ನಿಂತಿದ್ದೆ.

ನಾವಿದ್ದ ಮಿರ್ದಿಫ್‌ನ ಎರಡು ಬೆಡ್‌ರೂಮಿನ ಮನೆ ಬಿಟ್ಟು, ಬಾಡಿಗೆ ಕಡಿಮೆಯೆಂದು ಅಲ್ ಮುರಕ್ಕಬಾತ್‌ಗೆ ಬಂದೆವು. ಕೆಳಗೆ ಹೋಟೆಲುಗಳು, ಮೊಬೈಲ್ ಅಂಗಡಿಗಳು. ಮೇಲೆ ನಾಲ್ಕನೇ ಮಾಳಿಗೆಯಲ್ಲಿ ನಾವು. ಒಂದು ಬೆಡ್‌ರೂಮು, ಒಂದು ಹಾಲ್, ಅಡಿಗೆಮನೆ. ಬಾಡಿಗೆ ಕರಾರು ಹೆಂಡತಿಯ ಹೆಸರಿನಲ್ಲಿ. ಹಾಲ್‌ನ ಕಿಟಕಿ ತೆರೆದರೆ ಎದುರು ಕಟ್ಟಡದ ಎ.ಸಿ. ಡಬ್ಬಗಳ ಸಾಲು ಕಾಣುತ್ತಿತ್ತು. ಮಗಳಿಗೆ ಆಗ ಒಂಬತ್ತು ವರ್ಷ. ಮಿರ್ದಿಫ್‌ನಲ್ಲಿ ಅವಳಿಗೊಂದು ಕೋಣೆಯಿತ್ತು, ಇಲ್ಲಿ ಹಾಲ್‌ನಲ್ಲಿ ಹಾಸಿಗೆ. ಅವಳು ಸುತ್ತ ನೋಡಿ, "ವೇರ್ ಈಸ್ ಮೈ ಡೋರ್?" ಎಂದು ಕೇಳಿದಳು. ತಮಾಷೆ ಎಂದುಕೊಂಡು ನಾನು ನಕ್ಕೆ.

ಆ ವರ್ಷ ಹೆಂಡತಿಯ ವಾರ್ಡಿನಲ್ಲಿ ನರ್ಸ್‌ಗಳು ಕಡಿಮೆಯಾಗಿ ಅವಳಿಗೆ ಬಹುಪಾಲು ರಾತ್ರಿ ಪಾಳಿ. ಬೆಳಿಗ್ಗೆ ಎಂಟೂವರೆಗೆ ಬಂದು, ಏನಾದರೂ ತಿಂದು, ಬೆಡ್‌ರೂಮಿನ ಬಾಗಿಲು ಹಾಕಿಕೊಂಡರೆ ನಾಲ್ಕು ಗಂಟೆಯವರೆಗೆ ನಿದ್ದೆ. ಆ ಮನೆಯ ಗೋಡೆಗಳು ತೆಳು. ಹಾಲ್‌ನಲ್ಲಿ ಚಮಚ ಬಿದ್ದರೂ ಅವಳಿಗೆ ಎಚ್ಚರವಾಗುತ್ತಿತ್ತು. ಎಚ್ಚರವಾದರೆ ಮತ್ತೆ ನಿದ್ದೆ ಬಾರದು. ಹನ್ನೆರಡು ಗಂಟೆ ರೋಗಿಗಳ ನಡುವೆ ಓಡಾಡಬೇಕಾದವಳು. ಹಾಗಾಗಿ ನಾನು ಸದ್ದಿಲ್ಲದೆ ಬದುಕುವುದನ್ನು ಕಲಿತೆ. ನಲ್ಲಿಗೆ ಬಟ್ಟೆ ಕಟ್ಟಿ ಪಾತ್ರೆ ತೊಳೆಯುವುದು, ಕುರ್ಚಿ ಎತ್ತಿಯೇ ಇಡುವುದು, ಕೆಮ್ಮು ಬಂದರೆ ಬಾತ್‌ರೂಮಿಗೆ ಹೋಗುವುದು. ಹೊರಗೆ ಹೋಗೋಣವೆಂದರೆ ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಮುಖಕ್ಕೆ ಹೊಡೆಯುತ್ತದೆ. ಹೋಗಬೇಕಾದ ಜಾಗವೂ ಇರಲಿಲ್ಲ. ಒಂದು ದಿನ ಹೊತ್ತು ಹೋಗದೆ ಕಿಟಕಿಯಿಂದ ಎದುರಿನ ಎ.ಸಿ. ಡಬ್ಬಗಳನ್ನು ಎಣಿಸಿದೆ. ಮರುದಿನವೂ ಎಣಿಸಿದೆ. ಹೊಸ ಡಬ್ಬವೊಂದು ಬಂದಿದೆಯೋ ಎಂದು ನೋಡುವಂತಾಯಿತು.

ಇದರ ಜೊತೆ ಇನ್ನೊಂದು ಬಲೆಯಲ್ಲಿ ನಾನೇ ಸಿಕ್ಕಿಕೊಂಡಿದ್ದೆ. ಊರಿನಲ್ಲಿ ನನ್ನ ಅಣ್ಣ ಇದ್ದಾನೆ. ಉಡುಪಿಯ ಹತ್ತಿರ ಅವನದೊಂದು ಹಾರ್ಡ್‌ವೇರ್ ಅಂಗಡಿ. ಅಮ್ಮ ಅವನ ಜೊತೆ. ನನ್ನನ್ನು ಓದಿಸಿದವನು, ಇಲ್ಲಿಗೆ ಬರುವಾಗ ವಿಮಾನ ಹತ್ತಿಸಿದವನು ಅವನೇ. ಕೆಲಸ ಹೋದ ಸುದ್ದಿ ಅವನಿಗೆ ಹೇಳಿರಲಿಲ್ಲ. ಮೊದಲ ವಾರ 'ಇನ್ನೇನು ಬೇರೆ ಸಿಗುತ್ತದೆ, ಆಮೇಲೆ ಹೇಳಿದರಾಯಿತು' ಎಂದುಕೊಂಡೆ. ಎರಡನೇ ತಿಂಗಳಿಗೆ ಹೇಳುವ ಹೊತ್ತು ಮೀರಿಹೋಗಿತ್ತು. ಅವನು ವಾರಕ್ಕೆರಡು ಸಲ, ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ವಿಡಿಯೋ ಕಾಲ್ ಮಾಡುತ್ತಾನೆ. ಅದಕ್ಕಾಗಿ ಒಂದು ಬಿಳಿ ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದೆ. ಕೆಳಗೆ ಲುಂಗಿ, ಮೇಲೆ ಅಂಗಿ. ಖಾಲಿ ಗೋಡೆಗೆ ಬೆನ್ನು ಹಾಕಿ ಕೂತು ಪಿಸುದನಿಯಲ್ಲಿ, "ಅಣ್ಣ, ಮೀಟಿಂಗ್ ನಡೀತಾ ಉಂಟು" ಎನ್ನುತ್ತಿದ್ದೆ. ಹೆಂಡತಿಯ ನಿದ್ದೆ ಕೆಡದಿರಲೆಂದು ಇಳಿಸಿದ ದನಿ ಮೀಟಿಂಗಿಗೂ ಹೊಂದುತ್ತಿತ್ತು.

ಜುಲೈ ಬಂತು. ಶಾಲೆಗೆ ಎರಡು ತಿಂಗಳ ರಜೆ. ಮಗಳ ಗೆಳತಿಯರೆಲ್ಲ ಊರಿಗೆ ಹೋದರು. ನಾವು ಆ ವರ್ಷ ಹೋಗಲಿಲ್ಲ. ಈಗ ಸದ್ದು ಮಾಡಬಾರದವರು ಇಬ್ಬರಾದೆವು. ಹಾಲ್‌ನಲ್ಲಿ ನಾವು ಚೀಟಿ ಬರೆದು ಮಾತಾಡುತ್ತಿದ್ದೆವು. 'ಹಸಿವಾ?' ಎಂದು ನಾನು ಬರೆದರೆ ಅವಳು ಇಂಗ್ಲಿಷಿನಲ್ಲಿ 'ಬೋರ್' ಎಂದು ಬರೆದು ಹಿಂದೆ ತಳ್ಳುತ್ತಿದ್ದಳು.

ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ನಾನು ಅಡಿಗೆಮನೆಯಿಂದ ಬಂದಾಗ ಅವಳು ಎರಡು ಕುರ್ಚಿಗಳ ಮೇಲೆ ಬೆಡ್‌ಶೀಟ್ ಹೊದಿಸಿ ಕೆಳಗೆ ಕೂತಿದ್ದಳು. ಆಟ ಎಂದುಕೊಂಡು ಅಂಚು ಎತ್ತಿ ನೋಡಿದೆ. ಮಗಳು ಮೊಣಕಾಲು ತಬ್ಬಿಕೊಂಡು ಅಳುತ್ತಿದ್ದಳು. ಬಾಯಿ ತೆರೆದಿತ್ತು, ಮೈ ಅಲುಗುತ್ತಿತ್ತು, ಕಣ್ಣೀರು ಸುರಿಯುತ್ತಿತ್ತು, ಒಂದು ಚೂರೂ ಸದ್ದಿರಲಿಲ್ಲ. ಅಮ್ಮನಿಗೆ ಎಚ್ಚರವಾಗದಂತೆ ಅಳುವುದನ್ನು ಅವಳು ಕಲಿತುಬಿಟ್ಟಿದ್ದಳು.

"ಎಂತಾಯ್ತು ಮಗಾ?" ಎಂದು ಪಿಸುಗುಟ್ಟಿದೆ.

"ಪಪ್ಪಾ, ಪ್ಲೀಸ್ ಗೋ. ದಿಸ್ ಈಸ್ ಮೈ ರೂಮ್."

ಅಂಚು ಬಿಟ್ಟು ಹಿಂದೆ ಸರಿದೆ. ಆಗ ನೆನಪಾದದ್ದು ರೀಮ್ ಐಲ್ಯಾಂಡಿನ ಒಂದು ಮನೆ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಅಳತೆಗೆ ಹೋಗಿದ್ದೆ. ಬೇರೆ ಯಾವುದೋ ದೇಶದ ಹೆಂಗಸು, ಇಬ್ಬರು ಚಿಕ್ಕ ಮಕ್ಕಳು. ಸೋಫಾ ಇರಲಿಲ್ಲ. ನೆಲದ ಮೇಲೆ ಹಾಸಿಗೆ, ಒಂದಕ್ಕೊಂದು ಹೊಂದದ ಬಣ್ಣಬಣ್ಣದ ದಿಂಬು, ಬೆತ್ತದ ದೀಪ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಮಕ್ಕಳ ಚಿತ್ರಗಳು. ಮಕ್ಕಳಿಬ್ಬರೂ ನೆಲದಲ್ಲಿ ಮಲಗಿ ಬಣ್ಣ ಹಚ್ಚುತ್ತಿದ್ದರು. "ಇದೆಲ್ಲ ಬಿಸಾಡಿದ ಸಾಮಾನು, ಮನಬಂದಂತೆ ಜೋಡಿಸಿದ್ದು, ಬೊಹೀಮಿಯನ್ ಅಂತಾರಲ್ಲ, ಹಾಗೆ" ಎಂದು ಆಕೆ ನಕ್ಕು, ನನ್ನನ್ನೂ ನೆಲದಲ್ಲೇ ಕೂರಿಸಿ ಚಹಾ ಕೊಟ್ಟಳು. ಆ ಮನೆಯನ್ನು ಎಷ್ಟು ಪೆಟ್ಟಿಗೆ ಎಂದು ಅಂದಾಜು ಮಾಡಲು ನನಗೆ ಬಹಳ ಹೊತ್ತು ಹಿಡಿದಿತ್ತು. ಹೊರಟು ಬರುವಾಗ, ಇಂಥ ಮನೆ ಬಿಟ್ಟು ಹೋಗಲು ಇವರಿಗೆ ಹೇಗೆ ಮನಸ್ಸು ಬಂತು ಎಂದುಕೊಂಡಿದ್ದೆ.

ಮರುದಿನ ನಾನು ಚೀಟಿಯಲ್ಲಿ ಬರೆದೆ: 'ನಿನಗೊಂದು ಕೋಣೆ ಮಾಡುವ. ಸದ್ದಿಲ್ಲದೆ.' ಮಗಳು ಓದಿ, ತುಂಬ ಹೊತ್ತು ಯೋಚಿಸಿ, 'ಬೋಹೋ?' ಎಂದು ಬರೆದಳು. ಬೊಹೀಮಿಯನ್ ಎಂಬುದನ್ನೇ ಚಿಕ್ಕದು ಮಾಡಿ ಹಾಗೆನ್ನುತ್ತಾರಂತೆ; ಟ್ಯಾಬ್‌ನಲ್ಲಿ ಅಂಥ ಕೋಣೆಗಳ ಚಿತ್ರ ಅವಳೂ ನೋಡಿದ್ದಳಂತೆ.

ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಹೊಡೆದರೆ ಹೆಂಡತಿಯ ನಿದ್ದೆ ಹಾಳು. ಹಗ್ಗ, ಬಟ್ಟೆ, ರಟ್ಟು ಇವಿಷ್ಟೇ ಸದ್ದು ಮಾಡದ ವಸ್ತುಗಳು. ನಮ್ಮ ಕಂಪನಿಯ ಹಳೆಯ ಪ್ಯಾಕರ್ ಒಬ್ಬರಿಗೆ ಫೋನ್ ಮಾಡಿದೆ. ಸಾಮಾನಿಗೆ ಪೆಟ್ಟಾಗದಂತೆ ಸುತ್ತುವ ದಪ್ಪ ಕಂಬಳಿಗಳಿರುತ್ತವಲ್ಲ, ಅವುಗಳಲ್ಲಿ ಹರಿದು ಮೂಲೆಗೆ ಹಾಕಿದ ಹತ್ತು ಕಂಬಳಿ, ಒಂದು ಸುತ್ತು ಸೆಣಬಿನ ಹಗ್ಗ ಅವರು ತಂದುಕೊಟ್ಟರು. "ಯಾರ ಶಿಫ್ಟಿಂಗ್ ಭಾಯಿ?" ಎಂದು ಕೇಳಿದರು. "ನಮ್ಮದೇ" ಎಂದೆ. ಕಿಟಕಿಗೆ ಪರದೆ ಹಾಕಲು ಸಿಗುವ, ಎರಡು ಗೋಡೆಗಳ ನಡುವೆ ತಿರುಗಿಸಿ ಬಿಗಿ ಮಾಡುವ ಸರಳು ಎರಡು ತಂದೆವು. ಸೂರಿನಿಂದ ನೆಲದವರೆಗೆ ಕಂಬಳಿ ಇಳಿಬಿಟ್ಟು, ಮೂಲೆ ಮೂಲೆಗೆ ಹಗ್ಗದ ಗಂಟು ಹಾಕಿದೆ. ಸಾಮಾನು ಬಿಗಿಯುವ ಗಂಟುಗಳು ನನಗೆ ಗೊತ್ತಿದ್ದವು, ಅಲಂಕಾರದ ಗಂಟುಗಳನ್ನು ಮಗಳು ಟ್ಯಾಬ್‌ನಲ್ಲಿ ನೋಡಿ ಕಲಿಸಿದಳು. ಬೆಳಿಗ್ಗೆ ಬಿಸಿಲೇರುವ ಮೊದಲು ಕಟ್ಟಡದ ಹಿಂದಿನ ಕಸದ ತೊಟ್ಟಿಯ ಹತ್ತಿರ ಇಬ್ಬರೂ ಹೋಗುತ್ತಿದ್ದೆವು. ಊರು ಬಿಡುವವರು ಅಲ್ಲಿ ಏನೇನೋ ಇಟ್ಟು ಹೋಗುತ್ತಾರೆ. ಒಂದು ಬೆತ್ತದ ದೀಪದ ಬುಟ್ಟಿ, ಕಾಲು ಮುರಿದ ಸ್ಟೂಲು, ಇನ್ನೂ ಜೀವ ಇದ್ದ ಮನಿಪ್ಲಾಂಟ್ ಸಿಕ್ಕಿದವು. ಕಪಾಟಿನ ಮೇಲಿದ್ದ ಟಿವಿ ಪೆಟ್ಟಿಗೆ ಕತ್ತರಿಸಿ ಪುಸ್ತಕದ ಗೂಡು ಮಾಡಿದೆವು. ರಟ್ಟು ಕತ್ತರಿಸುವಾಗ, ಊರಿಗೆ ಹೋಗುವಾಗ ಟಿವಿಯನ್ನು ಏನು ಮಾಡುವುದು ಎಂಬ ಯೋಚನೆ ನನಗೆ ಬಂದೇ ಬಂತು.

ನಾಲ್ಕನೇ ದಿನ ಹೆಂಡತಿ ಎದ್ದು ಬಂದವಳು ಹಾಲ್‌ನ ನಡುವೆ ನಿಂತಳು. ಕಂಬಳಿ ಸರಿಸಿ ಒಳಗೆ ಹೋದಳು. ನಾನೂ ಮಗಳೂ ಹೊರಗೆ ಕಾದೆವು. ತುಂಬ ಹೊತ್ತಾದರೂ ಬರಲಿಲ್ಲ. ಬಗ್ಗಿ ನೋಡಿದರೆ ಮಗಳ ಹಾಸಿಗೆಯಲ್ಲಿ ಮಲಗಿ ಮತ್ತೆ ನಿದ್ದೆ ಹೋಗಿದ್ದಳು.

ಆ ಸಂಜೆ ಅವಳು ತನ್ನ ಸೀರೆಯ ಪೆಟ್ಟಿಗೆ ಇಳಿಸಿ ಒಂದು ಹಸಿರು ರೇಷ್ಮೆ ಸೀರೆ ತೆಗೆದಳು. ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿತ್ತು. ಕತ್ತರಿ ಕೈಯಲ್ಲಿ ಹಿಡಿದಿದ್ದಳು.

"ಬೇಡ ಮಾರಾಯ್ತಿ, ಒಳ್ಳೆ ಸೀರೆ" ಎಂದೆ.

"ಯಾವಾಗ ಉಡುದು ಹೇಳಿ? ಹನ್ನೆರಡು ವರ್ಷ ಆಯ್ತು ಕಟ್ಟಿಟ್ಟು."

ಮೊದಲ ಸಲ ಕತ್ತರಿ ಹಾಕುವಾಗ ಅವಳ ಕೈ ತಡೆಯಿತು. ಆಮೇಲೆ ತಡೆಯಲಿಲ್ಲ. ಆರು ದಿಂಬಿನ ಹೊದಿಕೆ, ಬಾಗಿಲಿನ ಕಡೆಗೆ ಒಂದು ತೋರಣದಂಥದ್ದು ಆಯಿತು. ಆ ತಿಂಗಳು ಅವಳು ಡ್ಯೂಟಿಗೆ ಹೊರಡುವ ಮೊದಲಿನ ಒಂದೂವರೆ ಗಂಟೆ ಮೂವರೂ ಆ ಕಂಬಳಿಯ ಒಳಗಿರುತ್ತಿದ್ದೆವು. ಮಗಳು ರಟ್ಟಿನ ಮೇಲೆ ಮೀನು, ಒಂಟೆ, ವಿಮಾನ ಬರೆಯುತ್ತಿದ್ದಳು. ಹೆಂಡತಿ ಚಹಾ ಲೋಟ ಹಿಡಿದು ಒಂಟೆಗೆ ಕಣ್ಣಿನ ರೆಪ್ಪೆ ಬಿಡಿಸುತ್ತಿದ್ದಳು. ಅವಳಿಗೆ ಚಿತ್ರ ಬರೆಯಲು ಬರುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಆದರೆ ಅವಳು ಹೊರಟ ಮೇಲೆ, ಮರುದಿನ ಅವಳು ಬಂದು ಬಾಗಿಲು ಹಾಕಿಕೊಂಡ ಮೇಲೆ, ಮತ್ತೆ ಅದೇ ಏಳೂವರೆ ಗಂಟೆ. ಮಗಳ ಕೋಣೆ ಮಾಡಿದ್ದರಿಂದ ಹಾಲ್ ಇನ್ನೂ ಚಿಕ್ಕದಾಗಿತ್ತು. ಕಿಟಕಿಯೂ ಅವಳ ಪಾಲಿಗೆ ಹೋಗಿತ್ತು. ನನಗೆ ಉಳಿದದ್ದು ಅಡಿಗೆಮನೆಯ ಬಾಗಿಲಿನಿಂದ ಹೊರಬಾಗಿಲಿನವರೆಗಿನ ಒಂದು ಓಣಿ. ಅಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಫೋನ್ ನೋಡುತ್ತಾ, ಯಾವುದೋ ಕಂಪನಿಯಿಂದ ಉತ್ತರ ಬಂತೋ ಎಂದು ಕಾಯುತ್ತಿದ್ದೆ.

ಅಣ್ಣನ ಕಾಲ್ ಬಂದಾಗ ಆ ಓಣಿಯಲ್ಲಿ ಕೂತರೆ ಹಿಂದೆ ಚಪ್ಪಲಿ ಸ್ಟ್ಯಾಂಡ್ ಕಾಣುತ್ತದೆ. ಒಂದು ದಿನ ಬೇರೆ ದಾರಿ ಕಾಣದೆ ಮಗಳಿಗೆ ಕೈಸನ್ನೆ ಮಾಡಿ ಅವಳ ಕೋಣೆಯೊಳಗೆ ಹೋದೆ. ಕಂಬಳಿಯ ಬೂದು ಬಣ್ಣ ಚೆನ್ನಾಗಿ ಕಂಡಿತು. "ಆಫೀಸ್ ಬದಲಾಯ್ತಾ?" ಎಂದು ಅಣ್ಣ ಕೇಳಿದ. "ಹೌದು, ಹೊಸ ಕ್ಯಾಬಿನ್" ಎಂದುಬಿಟ್ಟೆ. ಆಮೇಲೆ ಪ್ರತಿ ಸಲವೂ ಹಾಗೆಯೇ. ಮಗಳು ತನ್ನ ಪುಸ್ತಕ ಎತ್ತಿಕೊಂಡು ಹೊರಗೆ ಓಣಿಯಲ್ಲಿ ಕೂರುತ್ತಿದ್ದಳು. ಮೂರನೇ ಸಲ ನಾನು ಹೊರಬಂದಾಗ ಅವಳು ಚೀಟಿ ಮುಂದೆ ಹಿಡಿದಳು. ಅದರಲ್ಲಿ ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದಳು: 'ಅದು ನನ್ನ ಕೋಣೆಯೋ ನಿನ್ನ ಆಫೀಸೋ?' ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡೆ.

ಆಗಸ್ಟಿನ ಕೊನೆಗೆ, ಕಸ ಹಾಕಲು ಬಾಗಿಲು ತೆರೆದಾಗ ವಾಚ್‌ಮನ್ ಒಳಗೆ ಇಣುಕಿದ. ಅವನು ನೋಡಿದ್ದು ನನಗೆ ಗೊತ್ತಾಯಿತು, ಏನೂ ಅನ್ನಿಸಲಿಲ್ಲ. ಎರಡು ದಿನ ಬಿಟ್ಟು ಬೆಳಿಗ್ಗೆ ಹತ್ತಕ್ಕೆ ಬಾಗಿಲು ಬಡಿದ ಸದ್ದು ಕೇಳಿತು. ಬೆಲ್ ಒತ್ತಲಿಲ್ಲ, ಅಂಗೈಯಿಂದ ಬಡಿದರು. ತೆರೆದರೆ ಕಟ್ಟಡ ನೋಡಿಕೊಳ್ಳುವ ಆಫೀಸಿನವನು, ಹಿಂದೆ ವಾಚ್‌ಮನ್. ಆಫೀಸಿನವನು ಸೀದಾ ಒಳಗೆ ಬಂದು ಕಂಬಳಿಯ ಮುಂದೆ ನಿಂತ.

"ಯೇ ಕ್ಯಾ ಹೈ?" ಎಂದು ಗಟ್ಟಿಯಾಗಿ ಕೇಳಿದ.

"ಮಗಳ ಕೋಣೆ" ಎಂದೆ ನಾನು, ಅಭ್ಯಾಸಬಲದಿಂದ ಪಿಸುದನಿಯಲ್ಲಿ.

"ಯಾಕೆ ಗುಟ್ಟಾಗಿ ಮಾತಾಡ್ತೀಯ? ಒಳಗೆ ಎಷ್ಟು ಜನ ಇದ್ದಾರೆ? ಬೆಡ್‌ಸ್ಪೇಸ್ ಕೊಟ್ಟಿದ್ದೀಯಾ?"

ಇಲ್ಲಿ ಒಂದು ಹಾಲನ್ನು ಹಲಗೆಯಿಂದಲೋ ಪರದೆಯಿಂದಲೋ ಭಾಗ ಮಾಡಿ, ಮಂಚಕ್ಕಿಷ್ಟು ಎಂದು ಬಾಡಿಗೆಗೆ ಕೊಡುವವರಿದ್ದಾರೆ. ಅದು ಅಪರಾಧ. ಅವನ ಕಣ್ಣಿಗೆ ನಾನು ಅಂಥವನಾಗಿ ಕಂಡಿದ್ದೆ. ಅವನು ಫೋನ್ ತೆಗೆದು ಫೋಟೋ ಹೊಡೆಯಲು ಶುರುಮಾಡಿದ. ಕಂಬಳಿ ಸರಿಸಿದ. ಮಗಳು ಹಸಿರು ದಿಂಬು ಎದೆಗೊತ್ತಿಕೊಂಡು ಗೋಡೆಗಂಟಿ ನಿಂತಿದ್ದಳು.

"ಕರಾರು ಯಾರ ಹೆಸರಲ್ಲಿದೆ? ನಿನ್ನದಾ?"

"ನನ್ನ ಹೆಂಡತಿಯದು."

"ನೀನು ಯಾರು?"

ಬೆಡ್‌ರೂಮಿನ ಬಾಗಿಲು ತೆರೆಯಿತು. ಹೆಂಡತಿ ನೈಟಿಯ ಮೇಲೆ ದುಪಟ್ಟಾ ಹೊದ್ದು, ಕೆಂಪು ಕಣ್ಣಿನಲ್ಲಿ ಬಂದು ನಿಂತಳು. "ಅವರು ನನ್ನ ಗಂಡ. ಅವಳು ನನ್ನ ಮಗಳು. ಬೇರೆ ಯಾರೂ ಇಲ್ಲ. ಬೇಕಿದ್ರೆ ಬಾತ್‌ರೂಮೂ ನೋಡಿ" ಎಂದಳು. ಮೂವರ ಐಡಿ ಕಾರ್ಡುಗಳನ್ನು ತಂದು ಅವನ ಕೈಗಿಟ್ಟಳು. ಅವನು ನೋಡಿದ, ದನಿ ಸ್ವಲ್ಪ ಇಳಿಯಿತು. ಆದರೂ ಸೂರಿನವರೆಗೆ ಅಡ್ಡ ಕಟ್ಟುವುದು ನಿಯಮಕ್ಕೆ ವಿರುದ್ಧ, ಬೆಂಕಿ ಬಿದ್ದರೆ ಯಾರು ಜವಾಬ್ದಾರಿ, ಮೂರು ದಿನದೊಳಗೆ ತೆಗೆಯಬೇಕು, ಇಲ್ಲವಾದರೆ ಕರಾರು ಖಲಾಸ್ ಎಂದು ಹೇಳಿ ಹೋದ.

ಬಾಗಿಲು ಹಾಕಿದ ಮೇಲೆ ಹೆಂಡತಿ ಗೋಡೆಗೊರಗಿ ಕೂತುಬಿಟ್ಟಳು.

"ನಿಮಗೆ ಗೊತ್ತುಂಟಾ, ಮನೆ ನನ್ನ ಹೆಸರಲ್ಲಿ. ನನ್ನ ವೀಸಾ ಹೋದ್ರೆ ಮೂರೂ ಜನದ್ದು ಹೋಗ್ತದೆ. ಕಟ್ಟುವ ಮೊದಲು ಯಾರ ಹತ್ರ ಆದ್ರೂ ಕೇಳ್ಬೇಕಿತ್ತು."

"ನೀನೂ ಸೀರೆ ಕತ್ತರಿಸಿ ಕೊಟ್ಟೆಯಲ್ಲ" ಎಂದೆ.

"ಕೊಟ್ಟೆ. ನೀವು ಮೊದಲ ಸಲ ಏನೋ ಒಂದು ಮಾಡ್ತಾ ಇದ್ರಿ ಅಂತ ಕೊಟ್ಟೆ."

ಎದ್ದು ಒಳಗೆ ಹೋದಳು. ನಿದ್ದೆ ಮಾಡಲಿಲ್ಲ ಎಂಬುದು ನನಗೆ ಹೊರಗಿನಿಂದಲೇ ತಿಳಿಯುತ್ತಿತ್ತು. 'ಮೊದಲ ಸಲ ಏನೋ ಒಂದು' ಎಂಬ ಮಾತು ನನ್ನೊಳಗೆ ಕೂತುಬಿಟ್ಟಿತು. ಹದಿನಾಲ್ಕು ವರ್ಷ ದುಡಿದದ್ದು ಲೆಕ್ಕಕ್ಕೇ ಇಲ್ಲವೇ ಎಂದು ಸಿಟ್ಟು ಬಂತು. ಮನೆಯ ವಿಷಯದಲ್ಲಿ ಅವಳ ಮಾತು ನಿಜವೆಂದು ಗೊತ್ತಿದ್ದುದರಿಂದ ಸಿಟ್ಟು ಇನ್ನಷ್ಟು ಏರಿತು. ಎದ್ದು ಎಲ್ಲಿಗಾದರೂ ನಡೆದುಬಿಡೋಣ ಎನ್ನಿಸಿತು. ಬಾಗಿಲವರೆಗೆ ಹೋದೆ. ಚಪ್ಪಲಿ ಹಾಕಿಕೊಂಡೆ. ಎಲ್ಲಿಗೆ? ಚಪ್ಪಲಿ ಬಿಚ್ಚಿ ಮತ್ತೆ ಬಂದು ಸ್ಟೂಲಿನ ಮೇಲೆ ಕೂತೆ.

ಮೂರನೇ ದಿನ ಬಿಚ್ಚಲು ಶುರುಮಾಡಿದೆ. ಹೆಂಡತಿಗೆ ಅವತ್ತು ರಜೆ; ಅಡಿಗೆಮನೆಯಲ್ಲಿದ್ದಳು. ಮಗಳು ಸಹಾಯಕ್ಕೆ ಬರಲಿಲ್ಲ, ಹೊರಗೂ ಬರಲಿಲ್ಲ. ಒಂದೊಂದೇ ಕಂಬಳಿ ಇಳಿಸುತ್ತಾ ಹೋದಂತೆ ಅವಳು ಹಾಸಿಗೆಯ ಮೇಲೆ ಕೂತದ್ದು ಕಾಣಿಸಿತು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅಣ್ಣ. ನನ್ನ ಮೈಮೇಲೆ ಬನಿಯನ್ನು. ಅಂಗಿಗಾಗಿ ಕೈಚಾಚುವಷ್ಟರಲ್ಲಿ ಮಗಳು ಫೋನ್ ಎತ್ತಿಕೊಂಡಳು.

"ದೊಡ್ಡಪ್ಪಾ," ಎಂದಳು, ಅವಳಿಗೆ ಬರುವ ಕನ್ನಡದಲ್ಲಿ, "ಪಪ್ಪಾ ಆಫೀಸಲ್ಲಿ ಇಲ್ಲ. ಪಪ್ಪಾ ಯಾವಾಗ್ಲೂ ಮನೆಯಲ್ಲೇ. ಇದು ನನ್ನ ರೂಮು. ಈಗ ಇದೂ ಇಲ್ಲ."

ಫೋನಿನಿಂದ ಅಣ್ಣನ ದನಿ ಕೇಳಿತು: "ಗೊತ್ತುಂಟು ಮಗಾ. ಪಪ್ಪನಿಗೆ ಕೊಡು."

ಫೋನ್ ತೆಗೆದುಕೊಂಡೆ. ನಾವಿಬ್ಬರೂ ಯಾವಾಗಲೂ ತುಳುವಿನಲ್ಲೇ ಮಾತಾಡುವುದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಯಾವಾಗಿಂದ ಗೊತ್ತು?" ಎಂದೆ.

"ಮೊದಲ ತಿಂಗಳಿಂದ್ಲೇ, ನೀವು ಹಳೇ ಮನೆಯಲ್ಲಿರುವಾಗ. ಆಫೀಸಿನಲ್ಲಿ ಕುಕ್ಕರ್ ಕೂಗ್ತದಾ ಮಾರಾಯ?"

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀನು ಇಸ್ತ್ರಿ ಅಂಗಿ ಹಾಕ್ಕೊಂಡು ಕೂತ್ಕೊಳ್ತಿದ್ದೆ. ಹೇಗೆ ಹೇಳುದು?"

ನಾನು ಮುಖ ತಿರುಗಿಸಿಕೊಂಡೆ. ಅವನು ಅಂಗಡಿಗೆ ಬಂದ ಗಿರಾಕಿಗೆ ಏನೋ ಹೇಳಿ ಕಳಿಸಿ, ಮತ್ತೆ ನನ್ನ ಕಡೆಗೆ ತಿರುಗಿ, "ಅಮ್ಮನಿಗೂ ಗೊತ್ತುಂಟು. ಅವರು ಕೇಳುದು ಒಂದೇ, ಅವನು ಹೊತ್ತಿಗೆ ಸರಿಯಾಗಿ ಊಟ ಮಾಡ್ತಾನಾ ಅಂತ" ಎಂದ. ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಕಾಲ್ ಮುಗಿದ ಮೇಲೆ ಅವಳು ಬಂದು ಕಂಬಳಿಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಮಡಚಿದೆವು.

ಇದರಿಂದ ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಆಫೀಸಿನವನು ಬಂದು ನೋಡಿ, ತಲೆಯಾಡಿಸಿ, ಇನ್ನೊಂದು ಫೋಟೋ ಹೊಡೆದುಕೊಂಡು ಹೋದ. ಸೊಂಟದೆತ್ತರದ ರಟ್ಟಿನ ಗೂಡು, ನೆಲದ ಹಾಸಿಗೆ, ದಿಂಬು, ದೀಪ, ಹಗ್ಗದಲ್ಲಿ ತೂಗುವ ಚಿತ್ರಗಳು ಇವೆಲ್ಲ ಇರಬಹುದು ಎಂದ. ಹಾಲ್ ಈಗ ನೋಡಲು ಚೆಂದವಾಗಿದೆ. ಬಂದವರು ಹಾಗೆನ್ನುತ್ತಾರೆ. ಮಗಳಿಗೆ ಮಾತ್ರ ಅದು ಬೇಡ. ಗೋಡೆಯಿಲ್ಲದ ಮೇಲೆ ಅದು ಎಲ್ಲರ ಜಾಗ ಎನ್ನುತ್ತಾಳೆ. ಆ ಸಿಟ್ಟು ನನ್ನ ಮೇಲೆ ಬಹಳ ದಿನ ಇತ್ತು. ಶಾಲೆಯಿಂದ ಬಂದವಳು ಸದ್ದಿಲ್ಲದೆ ಬೆಡ್‌ರೂಮಿಗೆ ಹೋಗಿ, ನಿದ್ದೆಯಲ್ಲಿರುವ ಅಮ್ಮನ ಪಕ್ಕದಲ್ಲಿ ಮಲಗಿ ಓದುತ್ತಿದ್ದಳು. ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾನು ಇಡೀ ಹಾಲ್‌ನಲ್ಲಿ ಒಬ್ಬನೇ.

ಹೆಂಡತಿಯ ಜೊತೆ ಕೆಲಸ ಮಾಡುವ, ಕರಾವಳಿಯವರೇ ಆದ ಕೊಂಕಣಿ ಕ್ರಿಶ್ಚಿಯನ್ ನರ್ಸ್ ಒಬ್ಬರು ಒಮ್ಮೆ ಮನೆಗೆ ಬಂದರು. ದಿಂಬಿಗೊರಗಿ ಕೂತು, ಹಗ್ಗದ ಗಂಟುಗಳನ್ನು ಮುಟ್ಟಿ ನೋಡಿ, "ನಮ್ಮ ಮನೆಗೂ ಇಂಥದ್ದೊಂದು ಮಾಡಿಕೊಡ್ತೀರಾ? ಸುಮ್ಮನೆ ಬೇಡ, ದುಡ್ಡು ಕೊಡ್ತೇನೆ" ಎಂದರು. ನನ್ನ ಮುಖ ಅರಳಿದ್ದು ನನಗೇ ತಿಳಿಯಿತು. ಮರುಕ್ಷಣ ಹೆಂಡತಿಯ ಮುಖ ನೋಡಿದೆ. ಅವಳ ಹೆಸರಿನಲ್ಲಿರುವ ವೀಸಾದಲ್ಲಿದ್ದುಕೊಂಡು ಪರವಾನಗಿ ಇಲ್ಲದೆ ದುಡ್ಡಿಗೆ ಒಂದು ಗಂಟು ಹಾಕಿದರೂ ಅದು ಕೆಲಸವೇ, ಇಲ್ಲಿ ಅದು ಅಪರಾಧ. ವಾಚ್‌ಮನ್ ಇಣುಕಿದ್ದು, ಫೋಟೋ ಹೊಡೆದದ್ದು ಇಬ್ಬರ ಕಣ್ಣ ಮುಂದೆಯೂ ಬಂತು.

"ಇವರಿಗೆ ಈಗ ಪುರುಸೊತ್ತಿಲ್ಲ" ಎಂದಳು ಹೆಂಡತಿ.

ನರ್ಸ್ ನನ್ನನ್ನು ನೋಡಿದರು. ನಾನು "ಹೌದು" ಎಂದು ತಲೆಯಾಡಿಸಿ, ಚಹಾ ಮಾಡಲು ಒಳಗೆ ಹೋದೆ.

ಬಾಡಿಗೆ ಕರಾರು ಇನ್ನೆರಡು ತಿಂಗಳಿಗೆ ಮುಗಿಯುತ್ತದೆ. ಗೋದಾಮು ನೋಡಿಕೊಳ್ಳುವ ಒಂದು ಕೆಲಸಕ್ಕೆ ಕರೆದಿದ್ದಾರೆ, ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಹೊಸ ಮನೆ ನೋಡಲು ಹೋಗುವಾಗ ತಾನೂ ಬರುತ್ತೇನೆ ಎಂದು ಮಗಳು ಹೇಳಿದ್ದಾಳೆ. ಹೋದ ಶನಿವಾರ ಒಂದು ಮನೆ ನೋಡಿದೆವು. ಅವಳು ಕಿಟಕಿ ನೋಡಲಿಲ್ಲ, ಹಾಲ್ ನೋಡಲಿಲ್ಲ. ಚಿಕ್ಕ ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು, ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಮನೆ ತೋರಿಸಲು ಬಂದವನು ಕೈಗಡಿಯಾರ ನೋಡುತ್ತಿದ್ದ. ಹೆಂಡತಿ ಬಾಡಿಗೆ ಎಷ್ಟೆಂದು ಕೇಳಿ, ಉತ್ತರ ಕೇಳಿ ಕೈಚೀಲದ ಜಿಪ್ ಎಳೆದಳು; ಅದು ನಮಗೆ ಎಟುಕುವ ಬಾಡಿಗೆಯಲ್ಲ. "ಇನ್ನೆರಡು ನಿಮಿಷ ಇರಲಿ" ಎಂದು ನಾನು ಅವನಿಗೆ ಹೇಳಿದೆ. ನಾನೂ ಹೆಂಡತಿಯೂ ಅವನೂ ಆ ಬಾಗಿಲಿನ ಹೊರಗೆ ನಿಂತು, ಅವಳು ತಾನಾಗಿ ಹೊರಗೆ ಬರುವವರೆಗೆ ಕಾದೆವು.